ಬೆಲ್ಲದ ಕಡಾಯಿಯಲ್ಲಿ ನೌಕಾವಿಹಾರ

ಮೊನ್ನೆ ನನ್ನ ಮೊಮ್ಮಗಳು ಗೆಳತಿಯರನ್ನು ಕಟ್ಟಿಕೊಂಡು ಯಾವುದೋ ಕೆರೆಯ ದಂಡೆಯಲ್ಲಿ ಡೇರೆ ಹಾಕಿ ಇದ್ದು ಬರುವ ಯೋಜನೆ ಹಾಕಿದಳು. ಬೀದರಿನ ಮೈಲೂರಿನ ನಮ್ಮ ಮನೆಯ ಕಟ್ಟೆಯ ಮೇಲೆ ಕೂತು, ಕಾಲು ಅಲ್ಲಾಡಿಸುತ್ತ, ಆ ಕೆರೆಯ ಕುಲಗೋತ್ರವನ್ನೆಲ್ಲ ಫೋನಿನಲ್ಲಿ ಓದಿ ಮುಗಿಸಿದಳು. ನೀರು ಎಷ್ಟಿದೆ, ಗಾಳಿ ಎತ್ತಲಿಂದ ಬೀಸುತ್ತದೆ, ರಸ್ತೆ ಎಲ್ಲಿಯವರೆಗೆ ಡಾಂಬರು, ದೋಣಿ ಸಿಗುತ್ತದೋ ಇಲ್ಲವೋ, ಎಲ್ಲವೂ ಅಂಗೈಯೊಳಗೆ. ನಾನು ಪಕ್ಕದಲ್ಲಿ ಶೇಂಗಾ ಸುಲಿಯುತ್ತಿದ್ದೆ. ಅವಳು ಕೊನೆಯ ಸಾಲನ್ನು ಗಟ್ಟಿಯಾಗಿ ಓದಿದಳು: "ಪ್ರವೇಶ: ಎಲ್ಲರಿಗೂ ಮುಕ್ತ." ಆಮೇಲೆ, "ಆತು ಅಜ್ಜ, ಎಲ್ಲಾ ಚೆಕ್ ಆತು" ಎಂದು ಎದ್ದು ಹೋದಳು.

ನಾನು ಸುಲಿದ ಶೇಂಗಾವನ್ನು ಸಿಪ್ಪೆಯ ಕಡೆಗೂ ಸಿಪ್ಪೆಯನ್ನು ತಟ್ಟೆಗೂ ಹಾಕುತ್ತಿದ್ದೇನೆಂದು ಗೊತ್ತಾದದ್ದು ಸ್ವಲ್ಪ ಹೊತ್ತಿನ ಮೇಲೆ. ಮನಸ್ಸು ಆಗಲೇ ಭಾಲ್ಕಿಯ ರೈಲು ಹತ್ತಿಯಾಗಿತ್ತು. ನೀವೂ ಹತ್ತುವಿರಾದರೆ ಬನ್ನಿ, ಕಿಟಕಿಯ ಪಕ್ಕ ಜಾಗವಿದೆ.

ಬೀದರ್ ಮೈಸೂರು ರಾಜ್ಯಕ್ಕೆ ಸೇರಿದ ಹೊಸದು. ನಾನೂ ಹೊಸ ಮಾಸ್ತರ. ಮೂಗಿನ ಕೆಳಗೆ ನಾನೊಬ್ಬನೇ ಮೀಸೆ ಎಂದು ಕರೆಯುತ್ತಿದ್ದ ಒಂದು ನೆರಳಿತ್ತು. ಜೀವನದ ಮೊದಲ ಪ್ಯಾಂಟನ್ನು ಆಗಷ್ಟೇ ಹೊಲಿಸಿದ್ದೆ. ದರ್ಜಿ ಅದನ್ನು ಯಾರ ಅಳತೆಗೆ ಹೊಲಿದಿದ್ದನೋ, ನಾನು ತಿರುಗಿದ ಮೇಲೆ ಸ್ವಲ್ಪ ತಡೆದು ಅದು ತಿರುಗುತ್ತಿತ್ತು. ನಮ್ಮಪ್ಪ ಮನೆಯ ಗೋಡೆಗೆ ಬುದ್ಧನ ಪಟ ತಂದು ತೂಗುಹಾಕಿದ್ದೂ ಆ ಕಾಲದಲ್ಲೇ. ಪಟದ ಕೆಳಗೆ ಕೂತು ನಾನು ಪಾಠದ ತಯಾರಿ ಮಾಡಿಕೊಳ್ಳುವಾಗ ಅಪ್ಪ ಸುಮ್ಮನೆ ಬಾಗಿಲಲ್ಲಿ ನಿಂತು ನೋಡುತ್ತಿದ್ದ. ಮಗ ಮಾಸ್ತರನಾಗಿದ್ದು ಅವನಿಗೆ ದಿನವೂ ಹೊಸ ಸುದ್ದಿ.

ಶಾಲೆಯಲ್ಲಿ ನನಗೆ ದೋಸ್ತಿಯಾದವರು ಡ್ರಾಯಿಂಗ್ ಮಾಸ್ತರ ಗೌಸ್ ಸಾಹೇಬರು. ವಯಸ್ಸಿನಲ್ಲಿ ನನ್ನ ಅಪ್ಪನಷ್ಟು, ಮಾತಿನಲ್ಲಿ ನನಗಿಂತ ಚಿಕ್ಕವರು. ನಿಜಾಮರ ಕಾಲದಿಂದಲೂ ಹೈದರಾಬಾದ್ ಸಂಸ್ಥಾನದ ನಕ್ಷೆಯನ್ನು ಹಲಗೆಯ ಮೇಲೆ ಕಣ್ಣು ಮುಚ್ಚಿ ಬರೆಯುತ್ತಿದ್ದವರಿಗೆ ಈಗ ಮೈಸೂರು ರಾಜ್ಯದ ನಕ್ಷೆ ಕಲಿಯುವ ಪ್ರಸಂಗ ಬಂದಿತ್ತು. ಹೊಸ ನಕ್ಷೆಯ ತುತ್ತತುದಿಯಲ್ಲಿ ಬೀದರನ್ನು ಬರೆದು, ಎರಡು ಹೆಜ್ಜೆ ಹಿಂದೆ ಸರಿದು ನೋಡಿ, "ಮೊದಲ ನಾವು ಹೊಟ್ಟಿ ಹತ್ತರ ಇದ್ವಿ ಮಿಯಾ, ಈಗ ಟೋಪಿ ಆಗೀವಿ" ಎಂದಿದ್ದರು. "ಒಳ್ಳೇದೇ ಆತಲ್ರಿ" ಎಂದೆ. "ಒಳ್ಳೇದೇ. ಆದ್ರ ಗಾಳಿ ಬಂದ್ರ ಮೊದಲ ಹಾರೋದೂ ಟೋಪಿನೇ" ಎಂದು ನಕ್ಕರು.

ಹೊಸ ರಾಜ್ಯ ನಮಗೆ ಕೊಟ್ಟ ಇನ್ನೊಂದು ಉಡುಗೊರೆ ಹೆಡ್‌ಮಾಸ್ಟರ್ ರಂಗಸ್ವಾಮಿಯವರು. ಕಾವೇರಿ ದಂಡೆಯಿಂದ ವರ್ಗವಾಗಿ ಬಂದವರು. ಸಣಕಲು ದೇಹ, ದಪ್ಪ ಕನ್ನಡಕ, ಮಡಿಚಿದ ಕೊಡೆ. ಬಂದ ವಾರವೇ ಅವರು ಊರೆಲ್ಲ ತಿರುಗಿ, ಕೋಟೆ ನೋಡಿ, ಕಪ್ಪು ನೆಲ ನೋಡಿ, ಕೆಂಪು ನೆಲ ನೋಡಿ, ಸ್ಟಾಫ್ ರೂಮಿಗೆ ಬಂದು ಕಂಗಾಲಾಗಿ ಕೇಳಿದ್ದರು: "ಎಲ್ಲಾ ಚೆನ್ನಾಗಿದೆ. ಆದ್ರೆ ನೀರು ಎಲ್ಲಿಟ್ಟಿದ್ದೀರಿ?"

"ಬಾವ್ಯಾಗ ಇಟ್ಟೀವ್ರಿ" ಎಂದರು ಗೌಸ್ ಸಾಹೇಬರು.

ನೀರಿನಲ್ಲಿ ಈಜಿ ದೋಣಿಯಲ್ಲಿ ಆಡಿ ಬೆಳೆದ ಮನುಷ್ಯನಿಗೆ, ನೀರೇ ಕಾಣದೆ ಮ್ಯಾಟ್ರಿಕ್ ಪಾಸಾಗುವ ನಮ್ಮ ಹುಡುಗರನ್ನು ಕಂಡು ಮರುಕವಾಯಿತು. ದೀಪಾವಳಿ ರಜೆಯಲ್ಲಿ ದೊಡ್ಡ ತರಗತಿಯ ಹುಡುಗರನ್ನು ಯಾವುದಾದರೂ ಕೆರೆಯ ದಂಡೆಗೆ ಕರೆದೊಯ್ದು ಡೇರೆ ಹಾಕಿಸಿ, ಸಾಧ್ಯವಾದರೆ ದೋಣಿಯಲ್ಲೂ ಕೂರಿಸಬೇಕೆಂದು ಹಟ ಹಿಡಿದರು. ಅದಕ್ಕೆ ಅವರು ಇಟ್ಟ ಹೆಸರು 'ನೌಕಾವಿಹಾರ'. ಆ ಮಾತು ಕೇಳಿ ಹುಡುಗರು ಅದನ್ನು ತಿನ್ನುವ ಪದಾರ್ಥವೆಂದು ತಿಳಿದರು.

ಕೆರೆ ಎಲ್ಲಿದೆ ಎಂಬ ಪ್ರಶ್ನೆ ಬಂದಾಗ ಭಾಲ್ಕಿ ಕಡೆಯ ಒಂದು ಊರಿನ ಪಾಟೀಲರ ಮಗ, ನಮ್ಮ ಬೋರ್ಡಿಂಗಿನಲ್ಲಿದ್ದವನು, ಎದ್ದು ನಿಂತು, "ನಮ್ಮೂರಾಗ ಅದರಿ ಸರ್, ಸಮುದ್ರ ಇದ್ದಾಂಗ ಅದ" ಎಂದ. ಅವನು ಸಮುದ್ರ ನೋಡಿರಲಿಲ್ಲ. ಆದರೆ ಆ ಕೆರೆಯನ್ನು ನಾನು ನೋಡಿದ್ದೆ. ಅದು ನನ್ನ ತಾಯಿಯ ತಾಯಿ, ನಮ್ಮ ಆಯಿಯ ಊರು. ಊರಿನ ಹೆಸರು ಬೇಡ ಬಿಡಿ. ಅಲ್ಲಿಯವರು ಈಗಲೂ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕರೆ ಚಹಾ ಕುಡಿಸದೆ ಬಿಡುವುದಿಲ್ಲ. ಭಾಲ್ಕಿ ತಾಲೂಕು ಮುಗಿದು ಔರಾದ್ ತಾಲೂಕು ಸುರುವಾಗುವ ಕಡೆ ಎಂದರೆ ಸಾಕು.

"ನಿಮಗೆ ಗೊತ್ತಿರೋ ಜಾಗವೇ ಅಂದ್ಮೇಲೆ ನೀವೇ ಹೋಗಿ ನೋಡ್ಕೊಂಡು ಬನ್ನಿ ಮಾರುತಿ" ಎಂದರು ಹೆಡ್‌ಮಾಸ್ಟರು. "ನೀರು ಎಷ್ಟು ಆಳ, ಕೆಸರು ಎಷ್ಟು, ಕುಡಿಯೋದಕ್ಕೆ ಬರುತ್ತೋ, ದೋಣಿ ಇದೆಯೋ, ದಾರಿ ಹೇಗಿದೆ, ಯಾರ ಅಪ್ಪಣೆ ಬೇಕು. ಎಲ್ಲಾ ಖುದ್ದು ಪರೀಕ್ಷೆ ಮಾಡಿ. ಮಕ್ಕಳ ವಿಷಯ." ಜೊತೆಗೆ ಗೌಸ್ ಸಾಹೇಬರು, ಕೆರೆಯ ನಕ್ಷೆ ಬರೆದು ತರಲು.

ಹೀಗೆ ನಾವಿಬ್ಬರೂ ಭಾಲ್ಕಿಗೆ ರೈಲಿನಲ್ಲಿ ಹೋದೆವು. ಗೌಸ್ ಸಾಹೇಬರ ಹೆಗಲಿಗೆ ಉದ್ದನೆಯ ಹಗ್ಗದ ಸುರುಳಿ, ಅದರ ತುದಿಗೆ ಒಂದು ಹಳೆಯ ತೂಕದ ಕಲ್ಲು. ನೀರಿನ ಆಳ ಅಳೆಯಲು ಅವರೇ ಮಾಡಿಕೊಂಡ ಯಂತ್ರ. ಡಬ್ಬಿಯಲ್ಲಿದ್ದವರೆಲ್ಲ ಅವರನ್ನು ಬಾವಿಗೆ ಬಿದ್ದ ಕೊಡ ತೆಗೆಯುವವರೆಂದು ತಿಳಿದರು, ಒಬ್ಬ ಹೆಂಗಸಂತೂ ತನ್ನ ಕೊಡ ಬಿದ್ದ ಬಾವಿಯ ವಿಳಾಸವನ್ನೂ ಹೇಳಿದಳು. ಸಾಹೇಬರು ಇಲ್ಲವೆನ್ನಲಿಲ್ಲ. "ವಾಪಸ್ ಬರೋವಾಗ ನೋಡ್ತೇನಿ ಅಕ್ಕ" ಎಂದುಬಿಟ್ಟರು.

ಭಾಲ್ಕಿಯಿಂದ ಸ್ವಲ್ಪ ದೂರ ಬಸ್ಸು. ಅಲ್ಲಿಂದ ತೊಗರಿ ಹೊಲಗಳ ನಡುವೆ ನಡಿಗೆ. ದಾರಿಯಲ್ಲಿ ನಾನು ನನ್ನ ಈಜಿನ ಬಗ್ಗೆ ದೊಡ್ಡದಾಗಿ ಹೇಳಿಕೊಂಡೆ. ಸಣ್ಣವನಿದ್ದಾಗ ರಜೆಯೆಲ್ಲ ಆ ಕೆರೆಯಲ್ಲೇ ಕಳೆದವನು ನಾನು, ಇಡೀ ಕೆರೆ ದಾಟಿದವನು ಎಂದೆ. ಅದು ಸುಳ್ಳಲ್ಲ. ಆದರೆ ಎಮ್ಮೆಯ ಬಾಲ ಹಿಡಿದುಕೊಂಡು ದಾಟಿದ್ದೆ. ಎಮ್ಮೆಯಿಲ್ಲದೆ ಈಜಿ ನೋಡುವ ಪ್ರಸಂಗ ಬಂದಿರಲಿಲ್ಲ.

ಮೊದಲು ಪಾಟೀಲರ ಮನೆಗೆ ಹೋದೆವು. ಮಗನ ಸಾಲಿಯಿಂದ ಮಾಸ್ತರರು ಬಂದಿದ್ದಾರೆಂದು ಪಾಟೀಲರು ಕಟ್ಟೆಯಿಂದ ಎದ್ದೇ ಬಂದರು. ಎತ್ತರದ ಮನುಷ್ಯ, ಎತ್ತರದ ದನಿ, ತಲೆಗೆ ಎತ್ತರದ ಪಟಕ. ಬೇವಿನ ಕೆಳಗೆ ಕೂರಲು ಹೊರಸು ಹಾಕಿಸಿದರು. "ಬರ್ರಿ, ಬರ್ರಿ. ನಮ್ಮೂರಿಗಿ ಸಾಲಿನೇ ಬರ್ಲತದ ಅಂದ್ರ ಸಣ್ಣ ಮಾತಾ?" ಎಂದರು. ಕೆರೆಗೆ ಯಾರ ಅಪ್ಪಣೆ ಬೇಕೆಂದು ಕೇಳಿದರೆ ಗಹಗಹಿಸಿ ನಕ್ಕರು. "ಮೊದಲ ಜಾಗೀರದಾರಂದಿತ್ತು. ಜಾಗೀರ ಹೋತು. ಆಮೇಲೆ ಹೈದರಾಬಾದ್ದು ಅಂದ್ರು. ಈಗ ಬೆಂಗಳೂರಿಂದಂತ. ಕೆರಿ ಮಾತ್ರ ಇದ್ದಲ್ಲೇ ಅದ. ನೀವು ನನಗ ಕೇಳೀರಿ, ಅಷ್ಟ ಸಾಕು."

ಆಮೇಲೆ ನನ್ನ ಕಡೆ ತಿರುಗಿ, "ನೀವು ಯಾವೂರವರು ಮಾಸ್ತರ, ಯಾರ ಪೈಕಿ?" ಎಂದರು.

"ನಾನು ಈ ಊರಿನ ಮೊಮ್ಮಗನೇ ರಿ. ಕೆರಿ ಹಿಂದಿನ ಸಖೂಬಾಯಿ ನಮ್ಮ ಆಯಿ."

ಪಾಟೀಲರ ಮುಖ ಕೆಡಲಿಲ್ಲ. ಅದು ಒಂದು ಗಳಿಗೆ ನಿಂತಿತು, ಅಷ್ಟೇ. "ಹೌದಾ? ಸಖೂನ ಮೊಮ್ಮಗ? ಛಲೋ ಆತು, ಛಲೋ ಆತು" ಎಂದರು. ಒಳಗಿನಿಂದ ಚಹಾ ಬಂತು. ಗೌಸ್ ಸಾಹೇಬರಿಗೆ ಹೂವಿನ ಚಿತ್ರದ ಕಪ್ಪುಬಸಿ. ನನಗೆ ಒಂದು ಹೊಸ ಮಣ್ಣಿನ ಕುಡಿಕೆ. ನನ್ನ ಕೈ ಅದನ್ನು ತೆಗೆದುಕೊಳ್ಳಲು ತಾನಾಗಿಯೇ ಮುಂದೆ ಹೋಯಿತು. ಅಭ್ಯಾಸ. ಅಷ್ಟರಲ್ಲಿ ಗೌಸ್ ಸಾಹೇಬರು ತಮ್ಮ ಕಪ್ಪನ್ನು ಕೆಳಗಿಟ್ಟರು. "ಪಾಟೀಲ್ ಸಾಬ್, ನಂಗೂ ಮಣ್ಣಿನ್ಯಾಗೇ ಕೊಡ್ರಿ. ಈ ಪಿಂಗಾಣಿ ತುಟಿ ಸುಡ್ತದ. ಮಣ್ಣಿನ ವಾಸನಿ ಬಂದ್ರೇ ನಂಗ ಚಹಾ" ಎಂದರು. ಒಳಗೆ ಇನ್ನೊಂದು ಕುಡಿಕೆ ಹುಡುಕುವ ಸದ್ದು ಬಹಳ ಹೊತ್ತು ಕೇಳಿತು. ನಾನು ಚಹಾ ಹೇಗಿತ್ತೆಂದು ಈಗ ಹೇಳಲಾರೆ. ಸಾಹೇಬರು ಮಾತ್ರ ಚಪ್ಪರಿಸಿ ಚಪ್ಪರಿಸಿ ಕುಡಿದರು.

ಕೆರೆಗೆ ಹೋದೆವು. ಮುಂಗಾರು ಚೆನ್ನಾಗಿ ಹಿಡಿದ ವರ್ಷ. ನೀರು ಏರಿಯವರೆಗೆ ನಿಂತಿತ್ತು. ಪಾಟೀಲರ ಮಗ ಸಮುದ್ರ ಎಂದದ್ದರಲ್ಲಿ ತಪ್ಪಿಲ್ಲ ಎನಿಸಿತು. ಊರ ಕಡೆಗೆ ಅಗಲವಾದ ಕಲ್ಲಿನ ಮೆಟ್ಟಿಲುಗಳು, ಯಾರೋ ಜಾಗೀರದಾರ ಕಟ್ಟಿಸಿದ್ದು. ಅಲ್ಲಿ ಹೆಂಗಸರು ಕೊಡ ತುಂಬುತ್ತಿದ್ದರು. "ನಿಮ್ಮ ಹುಡುಗರು ಇಲ್ಲೇ ಇಳೀಲಿ. ಡೇರಿ ಇಲ್ಲೇ ಹಾಕ್ರಿ, ಸಾಪ್ ಜಾಗ" ಎಂದರು ಪಾಟೀಲರು. ದೋಣಿ ಇದೆಯೇ ಎಂದು ಕೇಳಿದೆ. ಇಲ್ಲ. ಆದರೆ ಬೆಲ್ಲ ಕಾಯಿಸುವ ಕಡಾಯಿ ಇದೆ. ಕಬ್ಬಿನ ಗಾಣ ಇನ್ನೂ ಸುರುವಾಗಿರಲಿಲ್ಲ, ಕಡಾಯಿ ಅಂಗಳದಲ್ಲಿ ಬೋರಲು ಬಿದ್ದಿತ್ತು. ನಮ್ಮ ಕಡೆ ಹೊಳೆ ಬಂದಾಗ ಜನ ದಾಟುವುದೇ ಅದರಲ್ಲಿ. ನಾಲ್ಕೈದು ಮಂದಿ ಆರಾಮಾಗಿ ಕೂರಬಹುದಾದಷ್ಟು ಅಗಲದ ಕಬ್ಬಿಣದ ಬಾಣಲೆ ಎಂದುಕೊಳ್ಳಿ. "ಅದನ್ನ ತಗೊಂಡು ಹೋಗ್ರಿ, ಏನ್ ಬೇಕಾದ್ರ ಮಾಡ್ರಿ" ಎಂದರು. ಒಳ್ಳೆಯ ಮನಸ್ಸಿನಿಂದಲೇ ಎಂದರು.

ಆಮೇಲೆ ದನಿ ತಗ್ಗಿತು. "ಮಾಸ್ತರ, ಒಂದ್ ಮಾತು. ನಿಮ್ಮ ಸಾಲ್ಯಾಗ ಎಲ್ಲಾ ನಮೂನಿ ಹುಡುಗರು ಇರ್ತಾರಲ್ಲ?"

"ಇರ್ತಾರ್ರಿ."

"ನಿಮಗ ನಾ ಏನ್ ಹೇಳೋದು. ನೀವು ಈ ಊರಿನವರೇ. ಅವರಿಗಿ ಆ ಕಡಿ ಜಾಗ ಅದ. ಯಾರಿಗೂ ತ್ರಾಸ್ ಇಲ್ಲ."

ಆ ಕಡೆ ಎಂದರೆ ಕೆರೆಯ ಹಿಂದಿನ ದಂಡೆ. ಮೆಟ್ಟಿಲಿಲ್ಲ, ಕೆಸರು. ಎಮ್ಮೆಗಳು ಇಳಿಯುವ ಜಾಗ. ನಾನು ಈಜು ಕಲಿತ ಜಾಗ. ನಮ್ಮ ಆಯಿ ಮದುವೆಯಾಗಿ ಬಂದಾಗಿನಿಂದ ಕೊಡ ತುಂಬಿದ ಜಾಗ.

ಆಯಿಯ ಮನೆಗೆ ಹೋದಾಗ ಅವಳು ಬಾಗಿಲಲ್ಲಿ ಜೋಳ ಹಸನು ಮಾಡುತ್ತಿದ್ದಳು. ನನ್ನ ಪ್ಯಾಂಟು ನೋಡಿ, "ಇದ್ಯಾಕೋ ಎರಡು ಚೀಲ ಹಾಕ್ಕೊಂಡು ಬಂದಿ?" ಎಂದಳು. ಗೌಸ್ ಸಾಹೇಬರಿಗೆ ಬಿಸಿ ರೊಟ್ಟಿ, ಪುಂಡಿ ಪಲ್ಯ ಹಾಕಿದಳು. ಅವರು ಉಂಡು, ಇನ್ನೂ ಉಂಡು, ಹಗ್ಗ ಹೆಗಲಿಗೇರಿಸಿ ಆಳ ಅಳೆಯಲು ಹೋದರು. ಕಲ್ಲನ್ನು ಬೀಸಿ ಎಸೆದ ರಭಸಕ್ಕೆ ತಾವೂ ಅದರ ಹಿಂದೆಯೇ ಹೋಗಿ ಸೊಂಟದವರೆಗೆ ಕೆಸರಿನಲ್ಲಿ ಹೂತುಕೊಂಡರು. ನಾನು ಎಳೆಯಲು ಹೋಗಿ ಪ್ಯಾಂಟಿನ ಮೇಲೆ ಇದ್ದ ಅಷ್ಟಿಷ್ಟು ಮಮತೆಯನ್ನೂ ಅಲ್ಲೇ ಬಿಟ್ಟೆ. ಕೊನೆಗೆ ಆಯಿ ಒಂದು ಎಮ್ಮೆಯನ್ನು ತಂದು, ಅದರ ಕೊರಳಿಗೆ ಅದೇ ಹಗ್ಗ ಕಟ್ಟಿ, ಸಾಹೇಬರನ್ನು ಎಳೆಸಿದಳು. "ಕೆಸರು ಎಷ್ಟು ಅಂತ ಬರ್ಕೋ ಮಿಯಾ: ಒಬ್ಬ ಡ್ರಾಯಿಂಗ್ ಮಾಸ್ತರ" ಎಂದರು ಅವರು, ಮೀಸೆಯಿಂದ ಕೆಸರು ಒರೆಸಿಕೊಳ್ಳುತ್ತ.

ಸಂಜೆ ಹೊರಡುವ ಮುಂಚೆ ಆಯಿ ಕೇಳಿದಳು: "ಸಾಲಿ ಹುಡುಗರು ಎಲ್ಲಿ ಇಳೀತಾರ?"

"ಮೆಟ್ಲ ಕಡಿ ಅಂತ ಪಾಟೀಲ್ರು ಹೇಳ್ಯಾರ."

"ಎಲ್ಲರೂ?"

ನಾನು ಪ್ಯಾಂಟಿನ ಕೆಸರು ಕೆರೆಯತೊಡಗಿದೆ. ಆಯಿ ಮೊರವನ್ನು ಕೊಡವಿ ಒಳಗೆ ಹೋದಳು.

ಮರುದಿನ ಹೆಡ್‌ಮಾಸ್ಟರ ಮುಂದೆ ನಿಂತು ವರದಿ ಒಪ್ಪಿಸಿದೆ. ನೀರು ಬೇಕಾದಷ್ಟು, ದೋಣಿ ಇಲ್ಲ, ಕಡಾಯಿ ಉಂಟು, ಹಾವು ಸುಮಾರು. ಗೌಸ್ ಸಾಹೇಬರು ಬರೆದ ನಕ್ಷೆ ನೋಡಿ ಅವರು ಕೇಳಿದರು: "ಇಳಿಯೋದಕ್ಕೆ ಎರಡು ಕಡೆ ತೋರಿಸಿದ್ದೀರಿ. ಕಲ್ಲಿನ ಮೆಟ್ಟಿಲು ಇರೋವಾಗ ಆ ಕೆಸರಿನ ದಾರಿ ಯಾಕೆ ಬರೆದಿದ್ದೀರಿ?"

ಗೌಸ್ ಸಾಹೇಬರು ನನ್ನನ್ನು ನೋಡಿದರು. ನಾನು ಹೇಳಿದೆ. ಯಾರು ಎಲ್ಲಿ ಇಳಿಯುತ್ತಾರೆ, ಯಾರು ಎಲ್ಲಿ ಇಳಿಯುವಂತಿಲ್ಲ, ನಮ್ಮ ಆಯಿ ಎಲ್ಲಿ ಕೊಡ ತುಂಬುತ್ತಾಳೆ, ಎಲ್ಲವನ್ನೂ. ಕೆರೆಯ ಆಳ ಹೇಳಿದ ದನಿಯಲ್ಲೇ ಹೇಳಲು ನೋಡಿದೆ.

ಹೆಡ್‌ಮಾಸ್ಟರು ಕನ್ನಡಕ ತೆಗೆದು ಒರೆಸಿದರು. ಅದು ಮೊದಲೇ ಸ್ವಚ್ಛವಾಗಿತ್ತು. "ಕಾವೇರಿಯಲ್ಲೂ ಇದೆ ಇಂಥದ್ದು. ನಾನು ನೋಡಿಲ್ಲ ಅಂತಲ್ಲ" ಎಂದರು. ಆಮೇಲೆ ಕೇಳಿದರು: "ಆ ಕೆಸರಿನ ಕಡೆ ಯಾರು ಇಳಿಯಬಹುದು?"

"ಯಾರು ಬೇಕಾದ್ರೂ ಸರ್. ಎಮ್ಮಿ, ಮನುಷ್ಯರು, ಯಾರಿಗೂ ಬ್ಯಾಡ ಅನ್ನೋದಿಲ್ಲ."

"ಹಾಗಾದ್ರೆ ಅದೇ ಸರಿಯಾದ ದಾರಿ. ಅಲ್ಲೇ ಡೇರೆ" ಎಂದರು. ಆಮೇಲೆ ಗಾಬರಿಯಿಂದ, "ಬೂಟು ಹಾಳಾಗುತ್ತಲ್ವಾ?" ಎಂದು ತಮ್ಮ ಕಾಲು ನೋಡಿಕೊಂಡರು.

ಹೀಗೆ ದೀಪಾವಳಿ ರಜೆಯಲ್ಲಿ ನಮ್ಮ ಶಾಲೆ ಆಯಿಯ ಮನೆಯ ಮುಂದೆ ಬೀಡುಬಿಟ್ಟಿತು. ಕೆರೆಯ ಹಿಂದಿನ ದಂಡೆ ಅಷ್ಟು ಡೇರೆಗಳನ್ನು ಎಂದೂ ಕಂಡಿರಲಿಲ್ಲ. ಪಾಟೀಲರ ಆಳುಗಳು ಕಡಾಯಿಯನ್ನು ಬಂಡಿಯ ಮೇಲೆ ಹೇರಿಕೊಂಡು ಮೆಟ್ಟಿಲ ಕಡೆಗೆ ಬಂದರೆ ಅಲ್ಲಿ ಶಾಲೆಯೇ ಇಲ್ಲ. ಬಂಡಿ ಕೆರೆ ಸುತ್ತಿ ಬಂದು, ಕೆಸರಿನಲ್ಲಿ ಹೂತಾಗ ಹುಡುಗರೆಲ್ಲ ಸೇರಿ ಎತ್ತಿದರು. ಅದರ ಹಿಂದೆಯೇ ಪಾಟೀಲರು, ಕುದುರೆಯ ಮೇಲೆ.

"ಸಾಹೇಬ್ರ, ಇದೇನ್ರಿ ಇದು? ಅಷ್ಟು ಛಲೋ ಕಲ್ಲಿನ ಮೆಟ್ಲ ಬಿಟ್ಟು ಈ ರಾಡ್ಯಾಗ ಬಂದು ಕುಂತೀರಿ?"

ಹೆಡ್‌ಮಾಸ್ಟರು ಪಂಚೆಯನ್ನು ಮೊಣಕಾಲಿನ ಮೇಲೆ ಕಟ್ಟಿ, ಬರಿಗಾಲಲ್ಲಿ, ಕೊಡೆ ಹಿಡಿದು ನಿಂತಿದ್ದರು. "ಪಾಟೀಲ್ರೇ, ಆ ಮೆಟ್ಟಿಲ ಮೇಲೆ ನನ್ನ ಅರ್ಧ ಸ್ಕೂಲು ಇಳಿಯೋ ಹಾಗಿಲ್ಲವಂತೆ. ಅರ್ಧ ಸ್ಕೂಲು ತಗೊಂಡು ಓಡಾಡಿ ನನಗೆ ಅಭ್ಯಾಸ ಇಲ್ಲ. ಇಲ್ಲಾದ್ರೆ ಎಲ್ಲರೂ ಇಳೀಬಹುದು ಅಂತ ಮಾರುತಿ ಮೇಷ್ಟ್ರು ನೋಡ್ಕೊಂಡು ಬಂದಿದ್ದಾರೆ."

ಪಾಟೀಲರು ನನ್ನನ್ನು ನೋಡಿದರು. ಕಡಾಯಿ ಹೋದರೆ ಹೋಗಲಿ. ನಾವು ಡೇರೆ ಕಿತ್ತುಕೊಂಡು ಬೀದರ್‌ಗೆ ಹೋಗಿಬಿಡುತ್ತೇವೆ, ಆಮೇಲೆ ಈ ದಂಡೆಯಲ್ಲಿ ಇರಬೇಕಾದವಳು ಆಯಿ ಒಬ್ಬಳೇ ಎಂಬುದು ನನಗೆ ಆಗ ಹೊಳೆಯಿತು. ಅಷ್ಟರಲ್ಲಿ ನೀರಿನಿಂದ ಒಂದು ಕೂಗು: "ಅಪ್ಪಾ, ನೋಡಿಲ್ಲಿ!" ಅವರ ಮಗ ಕೊರಳವರೆಗೆ ಕೆರೆಯಲ್ಲಿ ನಿಂತಿದ್ದ. ಪಕ್ಕದಲ್ಲಿ ಜನವಾಡದ ಚಮ್ಮಾರರ ಹುಡುಗ, ಇನ್ನೊಂದು ಪಕ್ಕದಲ್ಲಿ ಇಬ್ಬರು ಸಾಬರ ಹುಡುಗರು. ಯಾರು ಯಾರೆಂದು ಕೆಸರು ಮೆತ್ತಿದ ಮುಖಗಳಲ್ಲಿ ಅಪ್ಪನಿಗೂ ತಿಳಿಯುವಂತಿರಲಿಲ್ಲ. ಪಾಟೀಲರು ಕುದುರೆ ತಿರುಗಿಸಿ ಹೋದರು.

ಊರಲ್ಲಿ ಹಿರಿಯರು ಸೇರಿ ಕಡಾಯಿ ವಾಪಸ್ ತರಿಸಬೇಕು, ಮೈಲಿಗೆ ಆಗುತ್ತದೆ ಎಂದರಂತೆ. ಪಾಟೀಲರು ಸ್ವಲ್ಪ ಹೊತ್ತು ಮೀಸೆ ತಿರುವಿ, "ಗಾಣ ಸುರುವಾದ ಮ್ಯಾಲ ದಿನಾ ಬೆಂಕಿ ಮ್ಯಾಲ ಕೂಡೋ ಕಡಾಯಿಗಿ ಮೈಲಿಗಿ ಹ್ಯಾಂಗ ಹತ್ತತದ?" ಎಂದರಂತೆ. ಅದು ಅವರ ನ್ಯಾಯವೋ, ಮಗನ ಮೇಲಿನ ಪ್ರೀತಿಯೋ, ಯಾರೂ ಕೇಳಲಿಲ್ಲ. ಕಡಾಯಿ ನಮ್ಮಲ್ಲೇ ಉಳಿಯಿತು.

ನೌಕಾವಿಹಾರ ಸುರುವಾಯಿತು. ಕಡಾಯಿಗೆ ಹಗ್ಗ ಕಟ್ಟಿ, ಹಗ್ಗದ ಇನ್ನೊಂದು ತುದಿಯನ್ನು ದಂಡೆಯ ಜಾಲಿ ಮರಕ್ಕೆ ಬಿಗಿದು, ಹುಡುಗರನ್ನು ಸರದಿಯಂತೆ ಕೂರಿಸಿ ಬಿಡುತ್ತಿದ್ದೆವು. ದುಂಡಗಿನ ವಸ್ತುವಿಗೆ ಮುಂದೆ ಹಿಂದೆ ಎಂಬುದಿಲ್ಲ. ಹುಟ್ಟು ಹಾಕಿದರೆ ಅದು ಹೋಗುವುದಿಲ್ಲ, ತಿರುಗುತ್ತದೆ. ಕೂತವರಿಗೆ ಊರು, ಏರಿ, ಡೇರೆ, ಹೆಡ್‌ಮಾಸ್ಟರು, ಮತ್ತೆ ಊರು, ಹೀಗೆ ಲೋಕವೆಲ್ಲ ಸುತ್ತ ಬರುತ್ತದೆ. ಈ ಕೇಕೆ ಕೇಳಿ ಊರ ಜನಕ್ಕೆ ಆ ಕಡೆ ನಿಲ್ಲಲಾಗಲಿಲ್ಲ. ಮೊದಲು ಮಕ್ಕಳು ಬಂದರು, ಆಮೇಲೆ ಗಂಡಸರು, ಆಮೇಲೆ ಗಂಡಸರನ್ನು ಕರೆಯುವ ನೆವದಲ್ಲಿ ಹೆಂಗಸರು. ಮೆಟ್ಟಿಲ ಕಡೆಯವರೆಲ್ಲ ಧೋತರ ಎತ್ತಿ ಕಟ್ಟಿ, ಮೊಣಕಾಲವರೆಗಿನ ರಾಡಿಯಲ್ಲಿ ಒಂದೊಂದೇ ಹೆಜ್ಜೆ ಕಿತ್ತಿಡುತ್ತ ನಮ್ಮ ದಂಡೆಗೆ ಬರುವುದನ್ನು ಆಯಿ ಬಾಗಿಲಲ್ಲಿ ಕೂತು ನೋಡಿದಳು. "ನೀರು ಕೊಡ್ಲ್ಯಾ, ಕಾಲು ತೊಳಕೊಳ್ಳಾಕ?" ಎಂದು ಎಲ್ಲರನ್ನೂ ಕೇಳುತ್ತಿದ್ದಳು. ಯಾರೂ ಬೇಕೆನ್ನುತ್ತಿರಲಿಲ್ಲ. ಅವಳು ಕೇಳುವುದನ್ನೂ ಬಿಡುತ್ತಿರಲಿಲ್ಲ.

ಕಡೆಯ ದಿನ ಹುಡುಗರು ಡೇರೆ ಬಿಚ್ಚುತ್ತಿದ್ದಾಗ ಆಯಿ ಹೊಸ ಸೀರೆ ಉಟ್ಟು ದಂಡೆಗೆ ಬಂದಳು. "ನಂಗೂ ಕೂಡಬೇಕು ನಿಮ್ಮ ಕಡಾಯ್ಯಾಗ" ಎಂದಳು. ಹೆಡ್‌ಮಾಸ್ಟರು ತಾವೇ ಕೈ ಹಿಡಿದು ಹತ್ತಿಸಿದರು. ಭಾರ ಸರಿದೂಗಿಸಲು ಎದುರಿಗೆ ಗೌಸ್ ಸಾಹೇಬರು. ನಡುವೆ ಗಳ ಹಿಡಿದು ನಾನು, ಅಂದರೆ ನಾವಿಕ. ಹಗ್ಗವನ್ನು ಜಾಲಿ ಮರಕ್ಕೆ ಕಟ್ಟಿದವನೂ ನಾನೇ. ಎಷ್ಟು ಎಳೆದರೂ ಬಿಚ್ಚದ ಸ್ಕೌಟ್ ಗಂಟು ಎಂದು ವಾರವಿಡೀ ಹುಡುಗರಿಗೆ ಕಲಿಸಿದ್ದೆನಲ್ಲ, ಅದೇ ಗಂಟು.

ಸ್ವಲ್ಪ ಒಳಗೆ ಹೋದೆವು. ಗಾಳಿ ಎದ್ದಿತು. ದಂಡೆಯಲ್ಲಿ ಹುಡುಗರು ಯಾಕೋ ಕೂಗಾಡುತ್ತಿದ್ದರು. ನಾನು ಅದನ್ನು ಜಯಕಾರವೆಂದು ತಿಳಿದು ಕೈ ಬೀಸಿದೆ. ಗೌಸ್ ಸಾಹೇಬರು ಹಗ್ಗ ಎಳೆದು ನೋಡಿದರು. ಅದರ ಇನ್ನೊಂದು ತುದಿ ನೀರಿನಲ್ಲಿ ತೇಲುತ್ತ ನಮ್ಮ ಹಿಂದೆಯೇ ವಿಧೇಯವಾಗಿ ಬರುತ್ತಿತ್ತು.

"ಮಿಯಾ, ಗಂಟು?"

"ಬಿಚ್ಚೇದ್ರಿ."

"ಗಳ ಊರು, ಗಳ ಊರು!"

ಊರಿದೆ. ಗಳ ಸುಮ್ಮನೆ ಒಳಗೆ ಹೋಯಿತು. ತಳ ಸಿಗಲಿಲ್ಲ. "ನೀನು ಇಡೀ ಕೆರಿ ಈಜೀನಿ ಅಂದಿದ್ದೆಲ್ಲ" ಎಂದರು ಸಾಹೇಬರು. ಎಮ್ಮೆಯ ವಿಷಯವನ್ನು ಆಗ ಹೇಳಲೇಬೇಕಾಯಿತು. ಅವರು ಕಣ್ಣು ಮುಚ್ಚಿ ಏನೋ ಪಠಿಸತೊಡಗಿದರು. ಆಯಿ ಒಬ್ಬಳೇ ಎರಡೂ ಕೈಯಲ್ಲಿ ಕಡಾಯಿಯ ಅಂಚು ಹಿಡಿದು, ಕತ್ತು ಎತ್ತಿ, ತಿರುಗುವ ಲೋಕವನ್ನು ನೋಡುತ್ತಿದ್ದಳು. "ನಮ್ಮ ಮನಿ ಇಲ್ಲಿಂದ ಹೆಂಗ ಕಾಣ್ತದ ನೋಡೋ" ಎಂದಳು. ಅಷ್ಟು ವರ್ಷ ಆ ನೀರು ಹೊತ್ತವಳು ತನ್ನ ಮನೆಯನ್ನು ಅಲ್ಲಿಂದ ನೋಡಿದ್ದು ಅದೇ ಮೊದಲು.

ಗಾಳಿ ನಮ್ಮನ್ನು ಕೆರೆಯ ಅಡ್ಡಕ್ಕೆ ತಳ್ಳಿಕೊಂಡು ಹೋಯಿತು. ಎಲ್ಲಿಗೆ ತಳ್ಳುತ್ತಿದೆ ಎಂದು ಆಮೇಲೆ ಗೊತ್ತಾಯಿತು. ಕಲ್ಲಿನ ಮೆಟ್ಟಿಲುಗಳು ಹತ್ತಿರವಾಗುತ್ತಿದ್ದವು. ಹೊತ್ತು ಇಳಿಯುವ ಸಮಯ, ನೀರು ತುಂಬುವ ಹೆಂಗಸರೆಲ್ಲ ಅಲ್ಲೇ. ನಾನು ಗಳವನ್ನು ಹುಟ್ಟಿನಂತೆ ಬಡಿದೆ. ಕಡಾಯಿ ಇನ್ನೂ ಜೋರಾಗಿ ತಿರುಗಿತು, ದಿಕ್ಕು ಬದಲಿಸಲಿಲ್ಲ. "ಆಯಿ, ಮೆಟ್ಲ ಕಡಿ ಹೊಂಟದ" ಎಂದೆ.

"ಕಾಣ್ತದ" ಎಂದಳು.

ಢಣ್ ಎಂದು ಕಡಾಯಿ ಕಲ್ಲಿಗೆ ಬಡಿದು ನಿಂತಿತು. ಹೆಂಗಸರು ಕೊಡ ಹಿಡಿದು ಹಾಗೆಯೇ ನಿಂತರು. ಮೇಲಿನ ಮೆಟ್ಟಿಲಲ್ಲಿ ಪಾಟೀಲರ ಹೆಂಡತಿ ಇದ್ದರು. ಆಯಿಯನ್ನು ನೋಡಿದರು, ಸಾಹೇಬರನ್ನು ನೋಡಿದರು, ಮಗನ ಮಾಸ್ತರನಾದ ನನ್ನನ್ನು ನೋಡಿದರು. ಇಳಿಯದೆ ಬೇರೆ ಗತಿಯಿಲ್ಲ ಎಂಬುದು ಅಲ್ಲಿದ್ದವರಿಗೆಲ್ಲ ಕಾಣುತ್ತಿತ್ತು. ಆಯಿ ಸೀರೆ ಸಾವರಿಸಿಕೊಂಡು ಎದ್ದು, ಒಂದು ಕಾಲು ಎತ್ತಿ, ನೀರಿನೊಳಗಿನ ಕೆಳಗಿನ ಮೆಟ್ಟಿಲ ಮೇಲೆ ಇಡಲು ಹೋದಳು.

"ಅಲ್ಲಿ ಬ್ಯಾಡ್ರಿ!" ಎಂದರು ಪಾಟೀಲರ ಹೆಂಡತಿ.

ಆಯಿಯ ಕಾಲು ಗಾಳಿಯಲ್ಲೇ ನಿಂತಿತು.

"ಅಲ್ಲಿ ಪಾಚಿ ಅದ, ಜಾರ್ತದ. ಈ ಕಡಿಂದ ಬರ್ರಿ."

ಆಯಿ ಆ ಕಡೆಯಿಂದ ಇಳಿದಳು. ಒಂದೊಂದೇ ಮೆಟ್ಟಿಲು ಹತ್ತಿದಳು, ಅವಸರವಿಲ್ಲದೆ. ನೀರು ಮುಗಿಯುವ ಮೆಟ್ಟಿಲಲ್ಲಿ ನಿಂತು, ಬಗ್ಗಿ, ಬೊಗಸೆಯಲ್ಲಿ ನೀರು ತೆಗೆದು ಕುಡಿದಳು. ಬಾಯಿ ಒರೆಸಿಕೊಂಡಳು. ಯಾರ ಮುಖವನ್ನೂ ನೋಡದೆ ಏರಿಯ ದಾರಿ ಹಿಡಿದು ಮನೆಯ ಕಡೆ ನಡೆದಳು. ನಾನೂ ಸಾಹೇಬರೂ ಹಿಂದೆ ಹಿಂದೆ. ಅರ್ಧ ದಾರಿಯಲ್ಲಿ, ತನಗೇ ಹೇಳಿಕೊಳ್ಳುವವಳಂತೆ, "ಬರ್ರಿ ಅಂದಳು ನೋಡು" ಎಂದಳು. ಆ ಊರಲ್ಲಿ ಅವಳಿಗೆ ಅಲ್ಲಿಯವರೆಗೆ ಎಲ್ಲರೂ, ಹಾಲುಗಲ್ಲದ ಮಕ್ಕಳು ಕೂಡ, 'ಬಾ', 'ಹೋಗು' ಎಂದವರೇ.

ನಾವು ಬೀದರ್‌ಗೆ ವಾಪಸಾದೆವು. ಹೆಡ್‌ಮಾಸ್ಟರಿಗೆ ನೆಗಡಿಯಾಯಿತು. ಗೌಸ್ ಸಾಹೇಬರು ಬರುವ ದಾರಿಯಲ್ಲಿ ರೈಲಿನಲ್ಲಿ ಸಿಕ್ಕಿದ್ದ ಆ ಹೆಂಗಸಿನ ಕೊಡ ಹುಡುಕಲು ನಿಜವಾಗಿಯೂ ಇಳಿದುಹೋದರು, ಸಿಗಲಿಲ್ಲವಂತೆ. ಒಂದು ದಿನದಲ್ಲಿ ಊರು ಬದಲಾಯಿತೆಂದು ನಾನು ಹೇಳುವುದಿಲ್ಲ. ನಮ್ಮ ಕೇರಿಯವರು ಆಮೇಲೂ ಬಹಳ ಕಾಲ ಕೆಸರಿನ ಕಡೆಯೇ ನೀರು ತುಂಬಿದರು. ಅವರಲ್ಲೇ ಕೆಲವರು ಆಯಿಯ ಮೇಲೆ ಸಿಟ್ಟಾಗಿದ್ದರು, ಸುಮ್ಮನೆ ಇದ್ದ ಊರಿನಲ್ಲಿ ಇದೆಲ್ಲ ಯಾಕೆ ಎಂದು.

ಮುಂದಿನ ರಜೆಯಲ್ಲಿ ಹೋದಾಗ ಬಾಗಿಲ ಹತ್ತಿರ ತುಂಬಿದ ಕೊಡ ಇತ್ತು. ತಿಳಿಯಾದ ನೀರು, ಕೆಸರಿನ ಬಣ್ಣವಿಲ್ಲ. ಎಲ್ಲಿಂದ ತಂದೆ ಎಂದು ಕೇಳಿದೆ.

"ಮೆಟ್ಲ ಕಡಿಂದ" ಎಂದಳು ಆಯಿ. ಒಬ್ಬಳೇ ಹೋಗಿದ್ದಳಂತೆ, ಹಾಡುಹಗಲೇ.

"ಯಾರೂ ಏನೂ ಅನ್ಲಿಲ್ಲಾ?"

"ಇಲ್ಲ. ನಾ ಹೋದ್ ಕೂಡ್ಲೇ ಹೆಂಗಸರೆಲ್ಲ ಸರದು ನಿಂತ್ರು."

ನನಗೆ ನೋವಾಯಿತು. "ಸರದು ನಿಂತ್ರು ಅಂದ್ರ, ಮುಟ್ಟಬಾರದು ಅಂತನೋ, ನಿಂಗ ಜಾಗ ಬಿಟ್ಟು ಕೊಡಾಕೋ?"

ಆಯಿ ಕೊಡದಿಂದ ತಂಬಿಗೆಯಲ್ಲಿ ನೀರು ತೆಗೆದು ನನ್ನ ಕೈಗೆ ಕೊಟ್ಟಳು.

"ಅದು ಅವರ ಮನಸಿನ್ಯಾಗಿಂದು, ನಂಗೇನ್ ಗೊತ್ತು? ನಂಗ ಕೊಡ ಮುಳುಗಿಸಾಕ ಜಾಗ ಆತು" ಎಂದಳು. "ಕುಡಿ, ಬಿಸಲಾಗ ಬಂದಿ."